ಎಡಿತ್‌ಗೆ ಮುಟ್ಟಿಸಬೇಕಾದ ಮಾತು

ಮತ್ತೆ ಬಂದ. ಗಾರ್ಸೈಡ್ ಕಣ್ಣು ಮುಚ್ಚಿ ನಿದ್ದೆ ಬಂದವನಂತೆ ನಟಿಸಿದ. ಪೆಲ್ಲೋ ಬಿಡಲಿಲ್ಲ. ಬಿದಿರಿನ ಅಟ್ಟಣೆಯ ಅಂಚಿಗೆ ಕೂತು ಭುಜ ಅಲುಗಿಸಿದ.

"ನಿನ್ನೆ ಎಲ್ಲಿಗೆ ನಿಲ್ಲಿಸಿದ್ದೆ, ಹೇಳು."

ಸಯಾಮಿನ ಕಾಡಿನಲ್ಲಿ ಜಪಾನೀಯರಿಗಾಗಿ ರೈಲುಹಾದಿ ಹಾಕುತ್ತಿದ್ದ ಬ್ರಿಟಿಷ್ ಯುದ್ಧಕೈದಿಗಳಲ್ಲಿ, ಏಳಲಾರದವರನ್ನು ತಂದು ಮಲಗಿಸುತ್ತಿದ್ದ ಗುಡಿಸಲು ಅದು. ಅಲ್ಲಿಂದ ನಡೆದು ಹೊರಬಂದವರು ಕಡಿಮೆ. ಗಾರ್ಸೈಡನ ಕಾಲಿನ ಹುಣ್ಣು ಮೂಳೆ ಮುಟ್ಟಿತ್ತು. ಅವನು ಗೋಡೆಯ ಕಡೆ ಮುಖ ತಿರುಗಿಸಿ, ಗಂಜಿಯನ್ನೂ ಒಲ್ಲೆನೆನ್ನತೊಡಗಿದ್ದ.

ಆಂಬ್ರೋಸ್ ಪೆಲ್ಲೋ ಕೂಡ ಕೈದಿಯೇ. ರೋಗಿಗಳ ಆರೈಕೆ ಅವನ ಪಾಲಿಗೆ ಬಂದಿತ್ತು. ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಬೆಸ್ತ. ಅವನಿಗೊಂದೇ ಗೀಳು. ತಾನಂತೂ ಊರು ಕಾಣುವುದಿಲ್ಲ, ಹೆಂಡತಿ ಎಡಿತ್‌ಗೆ ಒಂದು ಮಾತು ಮುಟ್ಟಿಸಬೇಕು. ಬರೆದುಕೊಂಡರೆ ಕಾವಲಿನವರು ಚರ್ಮ ಸುಲಿಯುತ್ತಾರೆ, ಬಾಯಲ್ಲೇ ಒಯ್ಯಬೇಕು.

ಸಾಯುತ್ತಿರುವವನ ತಲೆಗೆ ಇನ್ನೊಬ್ಬನ ಸಂಸಾರದ ಹೊರೆ. ಗಾರ್ಸೈಡನಿಗೆ ಮೈ ಉರಿಯುತ್ತಿತ್ತು.

"ನಾನೇ ಹೊರಟಿದೀನಿ ಮಾರಾಯ. ಬೇರೆ ಯಾರಿಗಾದ್ರೂ ಹೇಳು."

"ಅಷ್ಟು ಆತುರ ಇದ್ರೆ ಹೋಗಪ್ಪ. ಆದ್ರೆ ಮಾತು ಮುಗಿದಿಲ್ಲ. ಉಳಿದಿದ್ದು ನಾಳೆ. ಈಗ ಬಾಯಿ ತೆಗಿ."

ದಿನವೂ ಅದೇ ಪಾಡು. ಒಮ್ಮೆ ಎಡಿತ್ ಸುಡುವ ಕೇಸರಿ ಬನ್ನು, ಒಮ್ಮೆ ಅವಳ ಮುಂಗೋಪ, ಒಮ್ಮೆ ಮದುವೆಯ ಹಿಂದಿನ ದಿನದ ಜಗಳ. ಗಾರ್ಸೈಡ್ ಎಲ್ಲವನ್ನೂ ಒಪ್ಪಿಸಬೇಕು. ತಪ್ಪಿದರೆ ಬೈಗುಳ, ಜೊತೆಗೆ ಒಂದು ಚಮಚ ಗಂಜಿ. ಮುಟ್ಟಿಸಬೇಕಾದ ಮಾತು ಮಾತ್ರ ಯಾವಾಗಲೂ ನಾಳೆಗೆ. ಬೈದುಕೊಳ್ಳುತ್ತಲೇ ಗಾರ್ಸೈಡ್ ನಾಳೆಗೆ ಕಾದ. ಹುಣ್ಣು ಮಾಯತೊಡಗಿತು.

ಅಷ್ಟರಲ್ಲಿ ಕಾಲರಾ ಬಂತು. ಪೆಲ್ಲೋ ಹೊತ್ತು ಮುಳುಗುವಷ್ಟರಲ್ಲಿ ಒಣಗಿದ ಸೌದೆಯಂತಾದ. ಗಾರ್ಸೈಡ್ ತೆವಳಿ ಹೋಗಿ ಅವನ ತುಟಿಗೆ ಕಿವಿಯಿಟ್ಟ.

"ಅವಳಿಗೆ ಏನು ಹೇಳ್ಲಿ?"

"ನೀನು ಬಂದೆ ಅಂತ ಹೇಳು. ಸಾಕು."

ಯುದ್ಧ ಮುಗಿದು ಊರು ಸೇರಿದರೂ ಗುಡಿಸಲು ಬೆನ್ನು ಬಿಡಲಿಲ್ಲ. ಊಟಕ್ಕೆ ಕೂತರೆ ಯಾರೋ ಭುಜ ಅಲುಗಿಸಿದಂತಾಗುತ್ತಿತ್ತು. ತಾನು ಉಳಿದು, ಉಳಿಸಿದವನು ಹೋದ ಸುದ್ದಿಯನ್ನು ಅವನ ಹೆಂಡತಿಯ ಮುಂದೆ ಯಾವ ಬಾಯಿಂದ ಹೇಳುವುದು? ಮುಂದೂಡುತ್ತ ಹೋದ. ಕೊನೆಗೆ ಗಾರ್ಸೈಡನ ಹೆಂಡತಿಯೇ ಅವನನ್ನು ಪೆಲ್ಲೋನ ಊರಿನ ರೈಲು ಹತ್ತಿಸಿದಳು.

ಬಂದರಿನ ಮೇಲಿನ ಏರು ಓಣಿ. ಬಾಗಿಲು ತೆರೆದವಳು ನರೆಗೂದಲಿನ ಹೆಂಗಸು. ಅವನು ಟೋಪಿ ಕೈಗೆ ತೆಗೆದುಕೊಂಡು, ಎಡಿತ್ ಪೆಲ್ಲೋ ಅವರನ್ನು ನೋಡಬೇಕಿತ್ತು, ಆಂಬ್ರೋಸ್ ಕಳಿಸಿದ್ದು ಎಂದ. ಅವಳು ಅವನ ಕುಂಟುಗಾಲನ್ನೇ ನೋಡಿದಳು.

"ನಾನು ಅವನ ಅಕ್ಕ. ಒಳಗೆ ಬಾಪ್ಪ, ಕಾಲು ಚಾಚಿ ಕೂತ್ಕೋ."

ಅವಳು ಚಹಾಕ್ಕೆ ನೀರಿಟ್ಟಳು. ಗಾರ್ಸೈಡ್ ಒಂದೇ ಉಸಿರಿಗೆ ಹೇಳತೊಡಗಿದ: ಗುಡಿಸಲು, ಗಂಜಿ, ಕಾಲರಾ. ಎಡಿತ್ ಎಲ್ಲಿದ್ದಾರೆ, ಅವರಿಗೇ ಹೇಳಬೇಕು ಎಂದ. ಅವಳು ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡಳು. ಆದರೆ ಮುಖದಲ್ಲಿ ದುಃಖಕ್ಕಿಂತ ಬೇರೆಯದೇನೋ ಇತ್ತು.

"ನನ್ನ ತಮ್ಮನಿಗೆ ಮದುವೇನೇ ಆಗಿರ್ಲಿಲ್ಲ ಕಣಪ್ಪ. ಎಡಿತ್‌ನ ಕೇಳ್ಕೊಂಡು ಬಂದವರಲ್ಲಿ ನೀನು ಆರನೆಯವನು."