ತಾಯಿಗೆ ಅವಕಾಶವಿಲ್ಲ

“ನೀ ಯಾರವಾ?” ಸಿದ್ದಕ್ಕ ಕೇಳಿದಳು.

ಪ್ರಮಿಳಾ ಅವಳ ಕುಪ್ಪಸದ ಗುಂಡಿ ಹಾಕುತ್ತಿದ್ದಳು. ಕೈ ನಿಲ್ಲಲಿಲ್ಲ. ಈ ಪ್ರಶ್ನೆ ಈಗ ದಿನದ್ದಾಗಿತ್ತು.

“ಪ್ರಮಿಳಾ. ನಿನ್ನ ಮಗಳು.”

“ನನ್ನ ಮಗಳು ಸಾಲಿಗೆ ಹೋಗ್ಯಾಳ. ನೀ ಕೆಲಸದಾಕಿ. ನನ್ನ ಸಂಚಿ ಎಲ್ಲಿ ಮುಚ್ಚಿಟ್ಟಿ? ಕೊಡು ಮೊದಲ.”

ಎಲೆ ಅಡಿಕೆಯ ಸಂಚಿ ಅವಳ ಸೊಂಟದಲ್ಲೇ ಇತ್ತು. ಪ್ರಮಿಳಾ ತೆಗೆದು ತೋರಿಸಿದಳು, ಮತ್ತೆ ಅಲ್ಲೇ ಸಿಕ್ಕಿಸಿದಳು. ಹೊರಗೆ ಬಾಡಿಗೆ ಕಾರಿನ ಬಾಳೇಶ ಹಾರ್ನ್ ಹೊಡೆದ. ತಾಯಿಯನ್ನು ಖಾನಾಪುರದ ವೃದ್ಧಾಶ್ರಮಕ್ಕೆ ಬಿಟ್ಟು ಬರುವ ದಿನ ಇದು.

ಶಿವಬಸವ ನಗರದ ಈ ಒಂದು ಖೋಲಿಯಲ್ಲಿ ತಾಯಿ ಮಗಳು ಇಬ್ಬರೇ. ಪ್ರಮಿಳಾ ಹಗಲು ಯಾರ್ಯಾರದೋ ಮನೆಯ ಮುದುಕರನ್ನು ನೋಡಿಕೊಳ್ಳುತ್ತಿದ್ದಳು. ಸಂಜೆ ಶುಭದಾ ಬಾಯಿಯವರ ಕ್ಲಾಸು. ಜಪಾನಿನಲ್ಲಿ ಮುದುಕರ ಆರೈಕೆಗೆ ಹೋಗುವವರಿಗೆ ಅಲ್ಲಿ ಭಾಷೆ ಕಲಿಸುತ್ತಿದ್ದರು, ಕೆಲಸವನ್ನೂ ಕಲಿಸುತ್ತಿದ್ದರು.

“ಮೊದಲ ಐದ ವರ್ಷದ ವೀಸಾ,” ಎಂದು ಶುಭದಾ ಬಾಯಿ ಮೊದಲ ದಿನವೇ ಬಿಡಿಸಿ ಹೇಳಿದ್ದರು. “ಅಷ್ಟರಾಗ ಅಲ್ಲೀ ಸರ್ಕಾರಿ ಪರೀಕ್ಷಾ ಪಾಸಾದ್ರ ಬ್ಯಾರೆ ವೀಸಾ. ಅದನ್ನ ಎಷ್ಟ ಸಲಾ ಬೇಕಾದ್ರೂ ಮುಂದುವರಸಬಹುದು. ಒಟ್ಟ ಹತ್ತ ವರ್ಷ ಕಳೀತಂದ್ರ ಕಾಯಂ ಇರಾಕ ಅರ್ಜಿ ಹಾಕಬಹುದು.”

“ಮನಿಯವರನ್ನ ಕರಕೊಂಡ ಹೋಗಬಹುದೇನ್ರಿ?”

“ಎರಡನೇ ವೀಸಾ ಬಂದಮ್ಯಾಲ ಗಂಡ, ಮಕ್ಕಳು ಬರಬಹುದು. ತಾಯಿಗೆ ಅವಕಾಶಿಲ್ಲ.”

ಪ್ರಮಿಳಾಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ಇದ್ದದ್ದು ಅದೊಂದೇ, ಅವಕಾಶವಿಲ್ಲದ್ದು.

ಆದರೂ ಕಲಿತಳು. ಕಲಿತದ್ದನ್ನು ಮನೆಯಲ್ಲಿ ಸಿದ್ದಕ್ಕನ ಮೇಲೆ ಮಾಡಿ ನೋಡುತ್ತಿದ್ದಳು. ಹಾಸಿಗೆಯಲ್ಲಿ ಹೊರಳಿಸುವುದು, ಎಬ್ಬಿಸಿ ಕೂರಿಸುವುದು, ಚಮಚದಲ್ಲಿ ಉಣಿಸುವುದು.

“ಜಪಾನಿನ ಮುದುಕ್ಯಾರನ್ನ ಹೊಳ್ಳಿಸಾಕ ನನ್ನ ಸೊಂಟಾ ಯಾಕ ಮುರೀತಿಯವಾ?” ಎಂದು ಸಿದ್ದಕ್ಕ ಬೈಯುತ್ತಿದ್ದಳು. ಬೈದು, ಮತ್ತೆ ಮಲಗಿ ಮೈ ಬಿಟ್ಟುಕೊಡುತ್ತಿದ್ದಳು. ಅದು ಮುಗಿದ ಮೇಲೆ ಪ್ರಮಿಳಾ ಪಾಠವನ್ನು ಗಟ್ಟಿಯಾಗಿ ಓದುವಳು, ಕನ್ನಡದಲ್ಲೊಮ್ಮೆ, ಜಪಾನಿಯಲ್ಲೊಮ್ಮೆ. ಸಿದ್ದಕ್ಕ ಗೋಡೆಗೆ ಒರಗಿ ತೂಕಡಿಸುವಳು.

ಪ್ರಮಿಳಾ ಇಲ್ಲಿಯ ಪರೀಕ್ಷೆಯಲ್ಲಿ ಪಾಸಾದಳು. ಜಪಾನಿನಲ್ಲಿ ಕೆಲಸವೂ ಸಿಕ್ಕಿತು. ಅದೇ ಸಂಜೆ, “ನಾ ಹೋಗಂಗಿಲ್ಲ,” ಎಂದಳು. “ನಿನ್ನ ಬಿಟ್ಟು ಹೋದ್ರ ಅನ್ನ ಗಂಟಲಾಗ ಇಳಿಯಂಗಿಲ್ಲ.”

“ಹಂಗಾದ್ರ ನಾ ಸತ್ತಮ್ಯಾಲ ಹೋಗ್ತೀಯೇನ? ಅಷ್ಟರಾಗ ನೀನ ಮುದುಕಿ ಆಗಿರ್ತಿ. ನಿನ್ನ ಯಾರ ಹೊಳ್ಳಸ್ತಾರ?”

“ಆಗಲಿ. ಜನಮ ಪೂರ್ತಿ ಮಂದೀ ಮನಿ ಮುಸುರಿ ತಿಕ್ಕತೇನಿ. ನಿನ್ನ ಬಿಡಂಗಿಲ್ಲ.”

ಸಿದ್ದಕ್ಕ ಮತ್ತೆ ಆ ಮಾತು ಎತ್ತಲಿಲ್ಲ.

ಮುಂದಿನ ವಾರ ಸಿದ್ದಕ್ಕನ ಕೈಯಿಂದ ಚಹಾಕ್ಕೆ ಉಪ್ಪು ಬಿತ್ತು. ಆಮೇಲೆ ವಾರದ ಹೆಸರು ತಪ್ಪಿತು. ಆಮೇಲೆ ಬಾಜೂ ಮನೆಯವರ ಹೆಸರು. ಆಮೇಲೆ ಕಳವಿನ ಮಾತು. ಹೊತ್ತು ಇಳಿಯುತ್ತಲೇ ಗಂಟು ಕಟ್ಟಿಕೊಂಡು, “ನಂದಗಡಕ್ಕ ಹೋಗೂಣು, ಅವ್ವ ಹಾದೀ ನೋಡತಿರ್ತಾಳ,” ಎಂದು ಬಾಗಿಲಿಗೆ ಬಂದು ನಿಲ್ಲುವಳು. ಅವಳ ಅವ್ವ ಸತ್ತು ಎಷ್ಟೋ ಕಾಲವಾಗಿತ್ತು. ಕೊನೆಗೆ ಮಗಳ ಮುಖವೂ ಹೋಯಿತು.

ಡಾಕ್ಟರು ಇವತ್ತು ಯಾವ ವಾರ ಎಂದರು, ಇದು ಯಾವ ಊರು ಎಂದರು. ಮೂರು ವಸ್ತು ಹೇಳಿ, ಸ್ವಲ್ಪ ತಡೆದು, ಅವು ಯಾವುವು ಎಂದರು. ಅವರ ಮುಂದಿನ ಪ್ರಶ್ನೆ ಯಾವುದೆಂದು ಪ್ರಮಿಳಾಗೆ ಮೊದಲೇ ಗೊತ್ತಿತ್ತು. ಎಲ್ಲ ಮರೆವಿನ ಕಾಯಿಲೆಯ ಪಾಠದಲ್ಲಿ ಬಂದವೇ. ಸಿದ್ದಕ್ಕ ಒಂದಕ್ಕೂ ಸರಿ ಹೇಳಲಿಲ್ಲ.

“ಖರೇ ಹೇಳತೇನಿ, ಕೆಟ್ಟ ಅನಿಸಿಕೋಬ್ಯಾಡ,” ಎಂದರು ಶುಭದಾ ಬಾಯಿ. “ಪುಸ್ತಕದಾಗ ಇದ್ದಂಗ ನಡದೈತಿ. ಇನ್ನ ಹಿಂದ ಬರೂದಿಲ್ಲ. ನೀ ಬಾಜೂಕ ಇದ್ರೂ ಅಷ್ಟ, ಯಾರರೆ ಆಯಾ ಇದ್ರೂ ಅಷ್ಟ. ಜಪಾನಿನಾಗ ನಿನ್ನ ಜಾಗಾ ಇನ್ನೂ ಹಂಗ ಹಿಡದಿಟ್ಟೇನಿ.”

ಪ್ರಮಿಳಾ ಹೂಂ ಎಂದು ತಲೆಯಾಡಿಸಿದಳು. ಆಡಿಸಿದ್ದು ತಾನೇ ಎಂದು ಮನೆಗೆ ಬಂದ ಮೇಲೆ ತಿಳಿಯಿತು.

ಕಾರು ಊರು ದಾಟಿತು. ಬಾಳೇಶ ನಗಿಸಲು ನೋಡಿದ. “ಅಜ್ಜೀ, ಇದು ಗೋವಾದ ಹಾದಿ. ಸಮುದ್ರದಾಗ ಜಳಕಾ ಮಾಡೂಣೇನ?”

“ನೀ ಮೊದಲ ಮುಂದ ನೋಡ್ಕೋತ ಗಾಡಿ ಹೊಡಿ,” ಎಂದಳು ಸಿದ್ದಕ್ಕ.

ಆಮೇಲೆ ಸಿದ್ದಕ್ಕ ಪ್ರಮಿಳಾಳ ಕಡೆ ಹೊರಳಿದಳು.

“ಬಾಯೀ, ನಿಮ್ಮವ್ವ ಎಲ್ಲಿರ್ತಾಳ?”

“ಖಾನಾಪುರದಾಗ.”

“ಆರಾಮ ಅದಾಳಿಲ್ಲೋ?”

“ಗೊತ್ತಿಲ್ಲ.”

“ಇರ್ತಾಳ ತಗೋ. ಮುದುಕ್ಯಾರು ಹೆಂಗರೆ ಇರ್ತಾರ.”

ಪ್ರಮಿಳಾ ಕಿಟಕಿಯ ಹೊರಗೆ ನೋಡಿದಳು. ಭತ್ತದ ಗದ್ದೆ ಬಂತು, ಹೋಯಿತು. ಅವಳಿಗೆ ಏನೂ ಅನಿಸಲಿಲ್ಲ.

ಆಶ್ರಮದ ಪಡಸಾಲೆಯಲ್ಲಿ ಶಾಂತಮ್ಮ ಎಂಬ ಮುದುಕಿ ಹೆಸರುಕಾಳು ಆರಿಸುತ್ತ ಕುಳಿತಿದ್ದಳು. ಪ್ರಮಿಳಾ ತಾಯಿಯನ್ನು ಅವಳ ಪಕ್ಕದ ಬೆಂಚಿನಲ್ಲಿ ಕೂರಿಸಿದಳು. ಶಾಲು ಹೊದಿಸಿದಳು. ಬಗ್ಗಿ ಕಾಲು ಮುಟ್ಟಿದಳು. ಸಿದ್ದಕ್ಕ ಕಾಲು ಹಿಂದೆಳೆದುಕೊಂಡಳು.

“ಕೆಲಸ ಛಲೋ ಮಾಡಿದಿ ಬಾಯಿ. ಹೋಗಿನ್ನ. ಹೊತ್ತಾತು.”

ಪ್ರಮಿಳಾ ಅಳಲಿಲ್ಲ. ಅಳು ಬರುತ್ತದೇನೋ ಎಂದು ಬಾಗಿಲ ಬಳಿ ಒಂದು ಗಳಿಗೆ ನಿಂತು ನೋಡಿದಳು. ಬರಲಿಲ್ಲ. ಕಾರು ಹತ್ತಿದಳು.

“ಛಲೋ ಹುಡುಗಿ ಕಾಣತಾಳ,” ಎಂದಳು ಶಾಂತಮ್ಮ, ಕಾಳಿನಿಂದ ಕಣ್ಣು ತೆಗೆಯದೆ. “ಕೆಲಸದಾಕೀನ್ರಿ?”

ಕಾರು ತಿರುವು ದಾಟಿತು. ಧೂಳು ಕೂತಿತು. ಕಾರಿನ ಸಪ್ಪಳ ಪೂರ್ತಿ ಅಡಗುವವರೆಗೂ ಸಿದ್ದಕ್ಕ ರಸ್ತೆಯನ್ನೇ ನೋಡುತ್ತಿದ್ದಳು.

“ನನ್ನ ಮಗಳ್ರೀ, ಪ್ರಮಿಳಾ,” ಎಂದಳು ಆಮೇಲೆ. “ಆಕಿ ದಿನಾ ಪಾಠ ಓದೂವಾಗ ನಾನೂ ಕಣ್ಣ ಮುಚಗೊಂಡ ಎಲ್ಲಾ ಕಲತೆ.”