ಅಮ್ಮನ ಕೈಪಟ್ಟಿ

"ವಯಸ್ಸಾದೋರಿಗೆಲ್ಲ ಈ ಪಟ್ಟಿ ಕಟ್ತಿದೀವಿ ಮೇಡಂ. ತಪ್ಪಿಸ್ಕೊಂಡ್ರೆ ಫೋನ್ ಮಾಡ್ತೀವಿ. ನಿಮ್ಮ ನಂಬರ್ ಹೇಳಿ."

ಪಾರ್ಕಿನ ಬಾಗಿಲಲ್ಲೇ ಹಸಿರು ಜಾಕೆಟ್ಟಿನ ಸ್ವಯಂಸೇವಕಿಯೊಬ್ಬಳು ಅಮ್ಮನ ಕೈ ಹಿಡಿದುಕೊಂಡಿದ್ದಳು. ಕೇಳದೇ ಬರುವ ಉಪಕಾರವನ್ನು ವಿನುತಾ ಎಂದೂ ನಂಬಿದವಳಲ್ಲ. ಅಮ್ಮನಿಗೆ ಮರೆವು, ಕೈತುಂಬ ಚಿನ್ನದ ಬಳೆ ಬೇರೆ. ನಂಬರು ಹೇಳುವಾಗ ಕೊನೆಯ ಅಂಕಿಯನ್ನು ಬದಲಿಸಿಬಿಟ್ಟಳು.

"ಸೇವೆ ಮಾಡೋರ ಮೇಲೂ ಅನುಮಾನಾನಾ ನಿಂಗೆ?" ಗಂಡ ನಕ್ಕ.

ಮಕ್ಕಳಿಗೆ ಜೋಕಾಲಿ ತೂಗಿ ತಿರುಗುವಷ್ಟರಲ್ಲಿ ಬೆಂಚಿನ ಮೇಲೆ ಕೂರಿಸಿದ್ದ ಅಮ್ಮ ಅಲ್ಲಿರಲಿಲ್ಲ. ಗಂಡ ಮಕ್ಕಳೊಂದಿಗೆ ಕೊಳದ ಕಡೆ ಓಡಿದ. ವಿನುತಾ ಹಿಂದಿನ ಗೇಟಿಗೆ ಓಡಿದಳು. ಅಲ್ಲಿ ಬೇರೊಬ್ಬ ಸ್ವಯಂಸೇವಕಿಯ ಪಕ್ಕ ಅಮ್ಮ ಮಜ್ಜಿಗೆ ಕುಡಿಯುತ್ತ ಕುಳಿತಿದ್ದಳು. ಬಳೆಗಳು ಕೈಯಲ್ಲೇ ಇದ್ದವು.

"ಏಳಮ್ಮ, ಹೋಗೋಣ."

"ಯಾರಮ್ಮಾ ನೀನು? ನನ್ನ ಮಗಳು ಎರಡು ಜಡೆ ಹಾಕ್ಕೊಂಡು ಸ್ಕೂಲಿಗೆ ಹೋಗಿದಾಳೆ."

ಸ್ವಯಂಸೇವಕಿ ಎದ್ದು ಇಬ್ಬರ ನಡುವೆ ನಿಂತಳು.

"ಬೇಜಾರು ಮಾಡ್ಕೋಬೇಡಿ ಮೇಡಂ, ಅಜ್ಜಿ ಮೈಮೇಲೆ ಚಿನ್ನ ಇದೆ. ಪಟ್ಟಿ ಮೇಲಿರೋ ನಂಬರಿಗೆ ಫೋನ್ ಮಾಡ್ತೀನಿ. ನಿಮ್ಮದು ರಿಂಗಾದ್ರೆ ಕರ್ಕೊಂಡ್ಹೋಗಿ."

ವಿನುತಾಳ ಕೈಯಲ್ಲಿದ್ದ ಫೋನು ಸುಮ್ಮನಿತ್ತು. ಸ್ವಯಂಸೇವಕಿಯ ಫೋನಿನಲ್ಲಿ ಯಾರೋ ಗಂಡಸೊಬ್ಬ, "ಹಲೋ, ಯಾರು?" ಎಂದ.