ನಲವತ್ತೊಂಬತ್ತು ಕಿಲೋ ಮರಳು

ಡ್ರೈವರ್ ಸೀಟಿನಲ್ಲಿ ಮರಳು ಚೀಲಗಳು ಕುಳಿತಿದ್ದವು. ಅವುಗಳ ಮೇಲಿದ್ದ ಚೀಟಿಯನ್ನು ವಕೀಲರು ಓದಿದರು: ಒಟ್ಟು ನಲವತ್ತೊಂಬತ್ತು ಕಿಲೋ. ಆಮೇಲೆ ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡರು. ಅದೊಂದೇ ಹೆಚ್ಚುಕಡಿಮೆ ಅಷ್ಟು ತೂಗೀತು.

"ಯಾರದಯ್ಯಾ ಈ ತೂಕ?"

ಗಾಡಿಯ ಅಡಿಯಿಂದ ಮೆಕ್ಯಾನಿಕ್ ತಲೆ ಹೊರಹಾಕಿದ. "ಓಡಿಸೋರದ್ದು ಸಾರ್."

ಮೂವತ್ತೈದು ವರ್ಷ ಹಳೆಯ, ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಅದು. ನಾಲ್ಕು ಚಕ್ರಗಳ ಕೆಳಗೂ ಒಂದೊಂದು ತೂಕದ ಹಲಗೆ. ರೇಸ್ ಟ್ರ್ಯಾಕಿಗೆ ಇಳಿಸುವ ಮುಂಚೆ, ಓಡಿಸುವವರ ತೂಕದಷ್ಟೇ ಮರಳನ್ನು ಸೀಟಿನಲ್ಲಿ ಕೂರಿಸಿ, ಭಾರ ಸರಿಯಾಗಿ ಹಂಚಿಹೋಗುವಂತೆ ಸ್ಪ್ರಿಂಗುಗಳನ್ನು ಏರಿಸಿ ಇಳಿಸುವುದು ಕ್ರಮ. ಇದನ್ನು ವಕೀಲರು ಕ್ಲಬ್ಬಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ವಿವರಿಸುತ್ತಿದ್ದರು. ಸ್ವತಃ ಒಂದು ಬೋಲ್ಟನ್ನೂ ಮುಟ್ಟಿದವರಲ್ಲ. ಮುಟ್ಟಿದರೆ ಕೈಗೆ ಗ್ರೀಸ್ ಹತ್ತುತ್ತದೆ.

"ನಾನು ತೊಂಬತ್ತೆರಡು ಕಿಲೋ ಇದೀನಿ."

"ಗೊತ್ತು ಸಾರ್. ಗಾಡಿಗೂ ಗೊತ್ತು."

ವಕೀಲರ ಅನುಮಾನ ಇವತ್ತಿನದಲ್ಲ. ಮೂರು ತಿಂಗಳಿಂದ ಗಾಡಿಯ ಕನ್ನಡಿ ಯಾರಿಗೋ ತಗ್ಗಿ ನಮಸ್ಕರಿಸುತ್ತಿತ್ತು. ಅವರು ಓಡಿಸದ ವಾರಗಳಲ್ಲೂ ಬ್ರೇಕ್ ಪ್ಯಾಡ್ ಸವೆಯುತ್ತಿತ್ತು. ಈಗ ನೋಡಿದರೆ ಸೀಟೇ ಮುಂದೆ ಸರಿದು, ಬೋಲ್ಟ್ ಹಾಕಿಸಿಕೊಂಡು ಭದ್ರವಾಗಿ ಕೂತಿದೆ.

ಚೀಲಗಳನ್ನು ತೂಗುವ ಯಂತ್ರ ಮೂಲೆಯಲ್ಲಿತ್ತು. "ಹತ್ತು ಅದರ ಮೇಲೆ," ಎಂದರು ವಕೀಲರು, ಕೋರ್ಟಿನ ಗಂಟಲಿನಲ್ಲಿ.

ಕಡ್ಡಿಯಂಥ ಮೆಕ್ಯಾನಿಕ್ ಹತ್ತಿದ. ಅರವತ್ತು ತೋರಿಸಿತು.

"ಎಲ್ಲಾ ಮೂಳೆ ಸಾರ್," ಎಂದು ಇಳಿದ. "ಈಗ ಬ್ರೇಕ್ ಆಯಿಲ್ ಬದಲಾಯಿಸ್ಬೇಕು. ಸ್ವಲ್ಪ ಆ ಕಡೆ ಸರೀತೀರಾ?"

ನಾಳೆ ಬೆಳಗ್ಗೆ ಗಾಡಿ ಎರಡು ನಿಮಿಷ ಹತ್ತು ಸೆಕೆಂಡಿನೊಳಗೆ ಒಂದು ಸುತ್ತು ಮುಗಿಸಬೇಕು. ಇಲ್ಲದಿದ್ದರೆ ಮಾರಾಟ; ಟ್ರ್ಯಾಕಿನಿಂದಲೇ ಕೊಳ್ಳುವವನ ಟ್ರೇಲರ್ ಹತ್ತುತ್ತದೆ. ಕ್ಲಬ್ಬಿನಲ್ಲಿ ಎಲ್ಲರೆದುರು ಹೀಗೆ ಸಾರಿದವರು ವಕೀಲರೇ. ಅವರ ಇದುವರೆಗಿನ ಸಾಧನೆ ಎರಡು ನಿಮಿಷ ಮೂವತ್ತೊಂದು. ತಪ್ಪು ಖಂಡಿತವಾಗಿ ಗಾಡಿಯದೇ. ಅಜ್ಜಿಕಥೆಯ ರಾಜಕುಮಾರರು ಏರಿ ಕೂತರೆ ಸಾಕು, ಕುದುರೆ ತಾನಾಗಿ ಹಾರುತ್ತದೆ. ವಕೀಲರೂ ಅಷ್ಟನ್ನೇ ನಿರೀಕ್ಷಿಸಿದ್ದರು, ಹೆಚ್ಚೇನೂ ಅಲ್ಲ.

ಸಂಜೆ ಮನೆಯಲ್ಲಿ ಅತ್ತೆ ಟ್ರೋಫಿಗಳನ್ನು ಒರೆಸುತ್ತಿದ್ದರು. ಹನ್ನೊಂದು ಟ್ರೋಫಿ, ನಡುವೆ ತೀರಿಹೋದ ಮಾವನವರ ಫೋಟೊ: ಇದೇ ಕೆಂಪು ಗಾಡಿಗೆ ಒರಗಿ ನಿಂತಿದ್ದಾರೆ, ಕೊರಳಲ್ಲಿ ಸ್ಟಾಪ್‌ವಾಚ್, ಕೈಯಲ್ಲಿ ಟ್ರೋಫಿ. "ರೇಸ್ ಗೆದ್ದು ಬಂದರೂ ಒಂದು ಹನಿ ಬೆವರಿಲ್ಲ, ಒಂದು ಕೂದಲು ಕದಲಿಲ್ಲ! ನಂದೂ ಅದೇ ಶೈಲಿ," ಎಂದು ವಕೀಲರು ಬಂದವರಿಗೆಲ್ಲ ತೋರಿಸುವ ಫೋಟೊ ಅದು.

"ಗಾಡಿ ಕೊಡಬೇಡಿ ಅಳಿಯಂದ್ರೇ," ಎಂದರು ಅತ್ತೆ. ಬಟ್ಟೆ ಹಿಡಿದ ಕೈ ನಿಂತಿತ್ತು. "ಮನೇಲಿ ಉಳಿದಿರೋದು ಅದೊಂದೇ."

"ಮಾವನೋರ ನೆನಪು, ಅರ್ಥ ಆಗುತ್ತೆ ಅತ್ತೆ. ಆದ್ರೆ ಅದಕ್ಕೆ ವಯಸ್ಸಾಯ್ತು. ಎಳೆದ್ರೂ ಓಡಲ್ಲ."

"ಹೌದಾ?" ಅತ್ತೆ ಮತ್ತೆ ಒರೆಸತೊಡಗಿದರು.

ಆಗಲೇ ವಕೀಲರಿಗೆ ಹೆಂಡತಿಯ ತೋಳು ಕಂಡಿದ್ದು. ಅಂಗೈಯಗಲ ಆಯಿಲ್ ಕಲೆ. ಐವತ್ತು ಕಿಲೋ ಆಸುಪಾಸಿನ ಹೆಂಡತಿ! ಪ್ರತಿ ಗುರುವಾರ ಅಮ್ಮನನ್ನು ಮೊಣಕಾಲಿನ ವ್ಯಾಯಾಮಕ್ಕೆ ಕರೆದುಕೊಂಡು ಹೋದವಳು ಮೂರು ಗಂಟೆ ಕಳೆದು ಬರುತ್ತಿದ್ದಳು. ವ್ಯಾಯಾಮದಿಂದ ಅತ್ತೆಯ ಕೆನ್ನೆಗೆ ಬಂದ ರಂಗು ನೋಡಿ ವಕೀಲರು ಇನ್ನೂ ನಾಲ್ಕು ಜನ ಮುದುಕಿಯರಿಗೆ ಅದನ್ನೇ ಶಿಫಾರಸು ಮಾಡಿದ್ದರು. ಅಮ್ಮನನ್ನು ಅಲ್ಲಿ ಕೂರಿಸಿ ಮಗಳು ಟ್ರ್ಯಾಕಿಗೆ! ಕೇಸು ಮುಗಿಯಿತು. ವಕೀಲರು ಮೀಸೆಯಡಿ ನಕ್ಕರು. ನಾಳೆ ಎಲ್ಲರೆದುರೇ ಹಿಡಿಯುವುದೆಂದು ಸುಮ್ಮನಾದರು.

ಬೆಳಗ್ಗೆ ಟ್ರ್ಯಾಕಿನಲ್ಲಿ ಹೊಸ ಕೈಗವಸು ತೊಟ್ಟು ಗಾಡಿಯೊಳಗೆ ಇಳಿದರು. ಅರ್ಧ ಇಳಿದರು. ಸೀಟಿಗೂ ಸ್ಟೇರಿಂಗಿಗೂ ನಡುವೆ ಹೊಟ್ಟೆ ಸಿಕ್ಕಿಕೊಂಡಿತು. ಮೆಕ್ಯಾನಿಕ್ ಒಂದು ಕೈ, ಗಾಡಿ ಕೊಳ್ಳಲು ಬಂದವನು ಒಂದು ಕೈ ಹಿಡಿದು ಎಳೆದ ಮೇಲೆ ಹೊರಬಂದರು.

"ಸೀಟು ಹಿಂದಕ್ಕೆ ಹಾಕೋ! ಸ್ಪ್ಯಾನರ್ ಎಲ್ಲಿ?"

"ಅಯ್ಯೋ, ಗ್ಯಾರೇಜಲ್ಲೇ ಬಿಟ್ಟು ಬಂದೆ ಸಾರ್." ಮೆಕ್ಯಾನಿಕ್‌ನ ಮುಖದಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ.

ಪಕ್ಕದ ಶೆಡ್ಡುಗಳಲ್ಲೆಲ್ಲ ಬೇಡಿ ವಕೀಲರು ಸ್ಪ್ಯಾನರ್ ತರುವಷ್ಟರಲ್ಲಿ ಗಾಡಿ ಇರಲಿಲ್ಲ. ದೂರದ ತಿರುವಿನಲ್ಲಿ ಒಂದು ಕೆಂಪು ಗೆರೆ. ಒಳಗೊಂದು ಬಿಳಿ ಹೆಲ್ಮೆಟ್.

"ನೋಡಿದ್ರಾ? ನನ್ನ ಹೆಂಡತಿ!" ಎಂದು ಕೊಳ್ಳುವವನತ್ತ ತಿರುಗಿದರು.

"ಏನ್ರೀ?" ಎಂದಳು ಹೆಂಡತಿ, ಪಕ್ಕದಿಂದಲೇ. ಅವಳ ಕೊರಳಲ್ಲಿ ಅಪ್ಪನ ಸ್ಟಾಪ್‌ವಾಚ್ ನೇತಾಡುತ್ತಿತ್ತು.

"ನೀನು ಇಲ್ಲಿದ್ರೆ ಅಲ್ಲಿರೋದು ಯಾರೇ?"

"ಸುಮ್ನಿರಿ ಒಂದು ನಿಮಿಷ!"

ವಕೀಲರು ಪ್ರತಿ ಸಲ ನಿಂತು ಅಪ್ಪಣೆ ಕೇಳಿ ದಾಟುತ್ತಿದ್ದ ಮೂರನೇ ತಿರುವನ್ನು ಗಾಡಿ ಸೂಜಿಗೆ ದಾರ ಪೋಣಿಸಿದಷ್ಟು ಸಲೀಸಾಗಿ ದಾಟಿತು. ಗಾಡಿ ಮುಕ್ತಾಯದ ಗೆರೆ ದಾಟುತ್ತಿದ್ದಂತೆ ಹೆಂಡತಿ ಗುಂಡಿ ಒತ್ತಿದಳು. ಎರಡು ನಿಮಿಷ ಎಂಟು ಸೆಕೆಂಡು. ಕೊಳ್ಳಲು ಬಂದವನು ಖಾಲಿ ಟ್ರೇಲರಿನ ಕೊಂಡಿ ಹಾಕಿಕೊಂಡ.

ಗಾಡಿ ಬಂದು ನಿಂತಿತು. ಹೆಲ್ಮೆಟ್ಟಿನಿಂದ ಬೆಳ್ಳಗಿನ ತುರುಬು ಬಿಚ್ಚಿಕೊಂಡು ಇಳಿಯಿತು. "ಮೊಣಕಾಲು ಹಿಡ್ಕೊಂಡಿದೆ, ಸ್ವಲ್ಪ ಎತ್ತಿ ಅಳಿಯಂದ್ರೇ."

ವಕೀಲರು ತೋಳು ಹಿಡಿದು ಎತ್ತಿದರು. "ಅತ್ತೆ... ಮಾವನೋರು ನಿಮಗೂ ಕಲಿಸಿದ್ರಾ?"

ಅತ್ತೆ ಹಣೆಯ ಬೆವರು ಒರೆಸಿಕೊಂಡರು. "ಅವರಾ? ಪಾಪ, ಅವರಿಗೆ ಸೈಕಲ್ ಕೂಡ ಬರ್ತಿರ್ಲಿಲ್ಲ. ನಾನು ಓಡಿಸ್ತಿದ್ದೆ, ಅವರು ಟೈಮ್ ನೋಡಿ, ಟ್ರೋಫಿ ಹಿಡ್ಕೊಂಡು ಫೋಟೊಗೆ ನಿಲ್ತಿದ್ರು."